ಕ್ಯಾರಿಯರ್ ಉಜ್ಜನಪ್ಪನ ಗೇರ್ ಸೈಕಲ್

ಭದ್ರಾವತಿಯಲ್ಲಿ ಹುಟ್ಟಿ ಬೆಳೆದು, ಅಲ್ಲೇ ಕಾರ್ಖಾನೆಯಲ್ಲಿ ಕೆಲಸಕ್ಕಿದ್ದ ಗಂಡಸಿಗೆ ಸೈಕಲ್ ಬರುವುದಿಲ್ಲ ಎಂದರೆ ಯಾರು ನಂಬುತ್ತಾರೆ? ಶಿಫ್ಟ್ ಬಿಟ್ಟ ಹೊತ್ತಿನಲ್ಲಿ ಗೇಟಿನ ಎದುರು ರಸ್ತೆ ದಾಟಬೇಕಾದವರು, ಸೈಕಲ್ಲುಗಳ ಸಾಲು ಮುಗಿಯುವ ತನಕ ಒಂದು ಬೀಡಿ ಸೇದಿ ಮುಗಿಸುತ್ತಿದ್ದರು. ಅಂಥ ಊರಿನಲ್ಲಿ, ಸ್ಟೋರ್ಸ್ ವಿಭಾಗದ ಗುಮಾಸ್ತ ಉಜ್ಜನಪ್ಪನಿಗೆ ನಲವತ್ತೆಂಟು ತುಂಬಿದರೂ ಸೈಕಲ್ ಬರುತ್ತಿರಲಿಲ್ಲ.

ಯಾಕೆ ಎಂದು ಕೇಳುವವರಿಗೆ ಒಂದು ಕಥೆ ಬೇಕು. ಚಿಕ್ಕಂದಿನಲ್ಲಿ ಬಿದ್ದು ಕೈ ಮುರಿದುಕೊಂಡ, ಅಪ್ಪ ಬಾರುಕೋಲು ತಗೊಂಡ, ಹೀಗೆ ಏನಾದರೊಂದು. ಅಂಥದ್ದೇನೂ ನಡೆದಿಲ್ಲ. ಶಾಲೆ ಮನೆಯ ಹಿಂದೆಯೇ ಇತ್ತು. ಕಾಲೇಜು ಎರಡು ಬೀದಿಯಾಚೆ. ಕೆಲಸ ಸಿಕ್ಕಿದ ವಾರವೇ ಗೋವಿಂದಯ್ಯ ಸಿಕ್ಕಿದ. ಇನ್ನು ಕಲಿಯುವ ದರ್ದು ಯಾರಿಗಿತ್ತು?

ಗೋವಿಂದಯ್ಯ ಅದೇ ಕಾರ್ಖಾನೆಯ ಮೆಷಿನ್ ಶಾಪಿನಲ್ಲಿ ಫಿಟ್ಟರ್. ಉಜ್ಜನಪ್ಪನ ಮನೆಯಿಂದ ಮುಂದಿನ ಬೀದಿಯಲ್ಲಿ ಅವನ ಮನೆ. ವಯಸ್ಸಿನಲ್ಲಿ ಮೂರ್ನಾಲ್ಕು ವರ್ಷ ದೊಡ್ಡವನು, ಮಾತಿನಲ್ಲಿ ಹತ್ತು ವರ್ಷ ದೊಡ್ಡವನು. ಅವನ ಕಪ್ಪು ಸೈಕಲ್ಲಿನ ಕ್ಯಾರಿಯರ್ ಮೇಲೆ ಉಜ್ಜನಪ್ಪ ಹತ್ತಿರ ಹತ್ತಿರ ಇಪ್ಪತ್ತು ವರ್ಷ ಕೂತ. ಹೊಸಮನೆ ಬಡಾವಣೆಯಿಂದ ಹೊಳೆಯ ಸೇತುವೆ ದಾಟಿ ಗೇಟಿನ ತನಕ, ಬೆಳಿಗ್ಗೆ ಹೋಗುವಾಗ, ಸಂಜೆ ಬರುವಾಗ.

ಕ್ಯಾರಿಯರ್ ಮೇಲೆ ಕೂರುವುದೂ ಒಂದು ವಿದ್ಯೆ. ಸೈಕಲ್ ಹೊರಟ ಮೇಲೆ ಹಿಂದೆ ನಾಲ್ಕು ಹೆಜ್ಜೆ ಓಡಿ, ತುಳಿಯುವವನಿಗೆ ಗೊತ್ತಾಗದ ಹಾಗೆ ಒಂದು ಮಗ್ಗುಲಿಗೆ ಹತ್ತಿ ಕೂರಬೇಕು. ತಿರುವಿನಲ್ಲಿ ಮಿಸುಕಬಾರದು. ಸೇತುವೆ ದಾಟಿದ ಮೇಲೆ ಏರು ಬರುತ್ತದೆ. ಅಲ್ಲಿ ಹೇಳಿಸಿಕೊಳ್ಳದೆ ಹಾರಿ ಇಳಿದು, ಸೀಟಿನ ಹಿಂಭಾಗಕ್ಕೆ ಕೈಕೊಟ್ಟು, ಏರು ಮುಗಿಯುವ ತನಕ ತಳ್ಳಿಕೊಂಡು ಓಡಿ, ಮತ್ತೆ ಹತ್ತಬೇಕು. ಮುಂದಿನವನದು ಕಾಲು, ಹಿಂದಿನವನದು ಕೈ. ಡಬಲ್ ಹೋಗುವವರಲ್ಲಿ ಅದು ಮರ್ಯಾದೆಯ ಲೆಕ್ಕ. ಏರಿನಲ್ಲೂ ಕೊಬ್ಬರಿಮೂಟೆಯ ಹಾಗೆ ಕೂತೇ ಇರುವವನನ್ನು ಮಾರನೆಯ ದಿನ ಯಾರೂ ಹತ್ತಿಸಿಕೊಳ್ಳುತ್ತಿರಲಿಲ್ಲ.

ಆ ದಾರಿಯುದ್ದಕ್ಕೂ ಇಬ್ಬರಿಗೂ ಮಾತೋ ಮಾತು. ಫೋರ್‌ಮನ್ನನ ಅಹಂಕಾರ, ಅಡಿಕೆ ಧಾರಣೆ, ಹೆಂಡತಿಯ ತವರಿನವರು, ಹೊಟ್ಟೆಯುರಿ, ಹಲ್ಲುನೋವು, ಒಂದೂ ಬಿಟ್ಟಿದ್ದಿಲ್ಲ. ಗೋವಿಂದಯ್ಯ ಮುಂದೆ ನೋಡಿಕೊಂಡು ಗಾಳಿಗೆ ಹೇಳುತ್ತಿದ್ದ, ಉಜ್ಜನಪ್ಪ ಅವನ ಬೆನ್ನಿಗೆ ಉತ್ತರ ಕೊಡುತ್ತಿದ್ದ. ಸೈಕಲ್ ಇಳಿದರೆ ಮುಗಿಯಿತು. ಇವನು ಸ್ಟೋರ್ಸಿಗೆ, ಅವನು ಶಾಪಿಗೆ. ಊಟದ ಹೊತ್ತೂ ಬೇರೆ ಬೇರೆ. ಎಲ್ಲಾದರೂ ಎದುರಾದರೆ, ಸಂಬಂಧ ಕೇಳಲು ಬಂದವರ ಹಾಗೆ, "ಏನು?" "ಏನಿಲ್ಲ" ಎಂದುಕೊಂಡು ಸರಿದುಹೋಗುತ್ತಿದ್ದರು.

ಊರಿನ ಬಾಯಿ ಸುಮ್ಮನಿರುತ್ತದೆಯೇ? ಉಜ್ಜನಪ್ಪನಿಗೆ 'ಕ್ಯಾರಿಯರ್ ಉಜ್ಜನಪ್ಪ' ಎಂದು ಹೆಸರಿಟ್ಟಿತು. ಅವನಿಗೆ ಅದು ಅಂಟಿಕೊಂಡಿದ್ದೇ ಗೊತ್ತಿರಲಿಲ್ಲ. ಗೊತ್ತಾಗಿದ್ದು ಮಗಳು ಅಮೂಲ್ಯಳ ಸಂಬಂಧ ಕುದುರಿದಾಗ, ಅದೂ ಬೀಗರಾಗುವವರ ಬಾಯಿಂದ. ಶಿವಮೊಗ್ಗದ ಆಲ್ಕೊಳದಿಂದ ಷಡಕ್ಷರಪ್ಪ ಎಂಬ ದೊಡ್ಡ ಮನುಷ್ಯ ಮಗನನ್ನು ಕರೆದುಕೊಂಡು ಹೆಣ್ಣು ನೋಡಲು ಬಂದರು. ವೃತ್ತದ ಬೀಡಾ ಅಂಗಡಿಯಲ್ಲಿ ಮನೆ ಕೇಳಿದರಂತೆ. ಉಪ್ಪಿಟ್ಟಿನ ತಟ್ಟೆ ಕೈಯಲ್ಲಿ ಹಿಡಿದುಕೊಂಡು ನಕ್ಕರು.

"ಯಾವ ಉಜ್ಜನಪ್ಪ, ಕ್ಯಾರಿಯರ್ ಉಜ್ಜನಪ್ಪನಾ ಅಂದ ಅವ್ನು. ತಮಗೆ ಸೈಕಲ್ ಬರಲ್ವಂತೆ, ಹೌದಾ?"

ಕೆಟ್ಟ ಮನಸ್ಸಿನಿಂದ ಕೇಳಿದ್ದಲ್ಲ. ಸಂಬಂಧವೂ ಕೂಡಿಬಂತು, ಮದುವೆಯೂ ಆಯಿತು. ಆದರೆ ಆ ಮಾತು ಉಜ್ಜನಪ್ಪನ ಗಂಟಲಲ್ಲಿ ಬಿಸಿತುಪ್ಪವಾಗಿ ಕೂತಿತು. ಬೇರೆ ಯಾವ ಮಾತಾದರೂ ಮರುದಿನ ಬೆಳಿಗ್ಗೆ ಗೋವಿಂದಯ್ಯನ ಬೆನ್ನಿಗೆ ಹೇಳಿ ಹಗುರಾಗುತ್ತಿದ್ದ. ಇದನ್ನು ಅವನ ಕ್ಯಾರಿಯರ್ ಮೇಲೆ ಕೂತು ಅವನಿಗೇ ಹೇಳುವುದು ಹೇಗೆ? ಹೇಳಲಿಲ್ಲ. ಎಲ್ಲ ಎಡವಟ್ಟೂ ಶುರುವಾಗಿದ್ದು ಅಲ್ಲಿಂದ.

ಇದು ಎರಡು ಸಾವಿರದ ಮೂರನೇ ಇಸವಿಯ ಮಾತು. ಮಗಳನ್ನು ನೋಡುವ ನೆಪದಲ್ಲಿ ಉಜ್ಜನಪ್ಪ ಭಾನುವಾರ ಆಲ್ಕೊಳಕ್ಕೆ ಹೋಗುವುದು ರೂಢಿಯಾಯಿತು. ಒಂದು ಬೆಳಿಗ್ಗೆ ಬಸ್ಸಿಳಿದಾಗ ಸರ್ಕಲ್ಲಿನಲ್ಲಿ ಏಳೆಂಟು ಜನ ಸೈಕಲ್ ಹಿಡಿದು ನಿಂತಿದ್ದರು. ದಪ್ಪ ಟೈರು, ಚಪ್ಪಟೆ ಹ್ಯಾಂಡಲ್ಲು, ಹಿಂದೆ ಹಲ್ಲುಚಕ್ರದ ಗೊಂಚಲು. ನಿಂತವರು ಹುಡುಗರಲ್ಲ. ಒಬ್ಬ ಬ್ಯಾಂಕಿನವನು, ಒಬ್ಬ ಡಾಕ್ಟರ್, ಗಾಂಧಿ ಬಜಾರಿನ ಬಟ್ಟೆ ಅಂಗಡಿಯ ದಢೂತಿ ಯಜಮಾನ ಕೊಟ್ರಬಸಪ್ಪ. ಎಲ್ಲಿಗೆ ಹೊರಟಿದ್ದೀರಿ ಎಂದು ಉಜ್ಜನಪ್ಪ ಕೇಳಿದ. ಎಲ್ಲಿಗೂ ಇಲ್ಲ, ಸುಮ್ಮನೆ ಗಾಜನೂರಿನ ಕಡೆ ಹೋಗಿ ಬರುವುದು ಎಂದರು. ಕೆಲಸವಿಲ್ಲದೆ ಸೈಕಲ್ ತುಳಿಯುವವರನ್ನು ಭದ್ರಾವತಿಯವನು ಅಲ್ಲಿಯವರೆಗೆ ಕಂಡಿರಲಿಲ್ಲ.

ಆ ಗುಂಪು ಕಟ್ಟಿದವನು ರುದ್ರೇಶ್. ಕೋಟೆ ರಸ್ತೆಯಲ್ಲಿ ಸೈಕಲ್ ಅಂಗಡಿ, ಮೂವತ್ತರ ಆಚೀಚೆ ವಯಸ್ಸು, ಬೀಗರಿಗೆ ದೂರದ ನಂಟ. ಉಜ್ಜನಪ್ಪ ಅವನನ್ನು ಒಂದು ಮೂಲೆಗೆ ಕರೆದು ಕೇಳಿದ.

"ನನ್ನ ವಯಸ್ಸಿಗೆ ಕಲಿಯಕ್ಕಾಗುತ್ತಾ?"

"ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗುತ್ತಾ ಅಂತಾರೆ," ಎಂದ ರುದ್ರೇಶ್. "ಬಗ್ಗದಿದ್ರೆ ಬೀಳುತ್ತೆ, ಅಷ್ಟೇ ಅಲ್ವಾ? ಮುಂದಿನ ವಾರ ಬನ್ನಿ."

ಸಾಗರ ರಸ್ತೆಯಾಚೆ ಹೊಸ ಬಡಾವಣೆಗೆಂದು ಮಣ್ಣುರಸ್ತೆ ಕಡಿದು, ಕಲ್ಲು ನೆಟ್ಟು ಬಿಟ್ಟಿದ್ದರು. ಮನೆ ಒಂದೂ ಎದ್ದಿರಲಿಲ್ಲವಾದ್ದರಿಂದ ನೋಡಿ ನಗುವವರಿರಲಿಲ್ಲ. ರುದ್ರೇಶ್ ಸೀಟನ್ನು ತಗ್ಗಿಸಿ, ಪೆಡಲ್ ಎರಡನ್ನೂ ಬಿಚ್ಚಿಟ್ಟ. ಮೊದಲು ಕಾಲಿಂದ ನೆಲ ಒದ್ದುಕೊಂಡು ಇಳಿಜಾರಿನಲ್ಲಿ ಜಾರುವುದು, ತೂಕ ನಿಂತ ಮೇಲೆ ಪೆಡಲ್. ಎರಡು ವಾರ ಉಜ್ಜನಪ್ಪ ಬಾತುಕೋಳಿಯ ಹಾಗೆ ನಡೆದ. ಮೂರನೆಯ ವಾರ ಪೆಡಲ್ ಹಾಕಿದರು. ಅವನು ಬಿದ್ದ, ಎದ್ದ, ಮತ್ತೆ ಬಿದ್ದ, ಮೊಣಕೈ ತರಚಿತು. ಇದರಲ್ಲಿ ವಿಶೇಷವೇನೂ ಇಲ್ಲ, ಎಲ್ಲರೂ ಬೀಳುತ್ತಾರೆ.

ವಿಶೇಷ ಆಮೇಲಿನದು. ತೂಕ ಹಿಡಿಯಲು ಬಂದು, ಸುಮಾರು ದೂರ ನೇರವಾಗಿ ಹೋಗುತ್ತಿದ್ದ ಉಜ್ಜನಪ್ಪ, ಬಡಾವಣೆಯ ಏರು ಕಂಡ ಕೂಡಲೇ ಓಡುತ್ತಿದ್ದ ಸೈಕಲ್ಲಿನಿಂದ ಎಡಕ್ಕೆ ಹಾರಿ ಇಳಿದ. ಅಚ್ಚುಕಟ್ಟಾಗಿ ಎರಡು ಕಾಲ ಮೇಲೆ ನಿಂತ. ಸೈಕಲ್ ತನ್ನ ಪಾಡಿಗೆ ಮುಂದೆ ಹೋಗಿ ಲಂಟಾನದ ಪೊದೆಗೆ ನುಗ್ಗಿತು. ಉಜ್ಜನಪ್ಪನ ಬಲಗೈ, ತಳ್ಳಲು ಸೀಟನ್ನು ಹುಡುಕುತ್ತ ಗಾಳಿಯಲ್ಲೇ ಉಳಿದಿತ್ತು.

"ಸೈಕಲ್ಲಿಂದ ಬಿದ್ದವರನ್ನ ನೋಡಿದೀನಿ ಸಾರ್," ಎಂದ ರುದ್ರೇಶ್. "ಸೈಕಲ್ ಬಿಟ್ಟು ಹೋದವರನ್ನ ಇದೇ ಮೊದಲು ನೋಡಿದ್ದು. ನೀವು ಈಗ ಹಿಂದೆ ಕೂತಿಲ್ಲ, ಮುಂದೆ ಕೂತಿದೀರಿ. ಏರಲ್ಲಿ ಇಳಿದ್ರೆ ತುಳಿಯೋರ್ಯಾರು?"

ಆ ಚಾಳಿ ಬಿಡಿಸುವುದಕ್ಕೆ ತೂಕ ಕಲಿಸಿದ್ದಕ್ಕಿಂತ ಹೆಚ್ಚು ಕಾಲ ಹಿಡಿಯಿತು. ಏರು ಬಂತೆಂದರೆ ಸೊಂಟವೇ ಎಡಕ್ಕೆ ಹೊರಳುತ್ತಿತ್ತು. ಕೊನೆಗೆ ರುದ್ರೇಶ್ ಗೇರಿನ ಗುಟ್ಟು ಹೇಳಿಕೊಟ್ಟ. ಏರು ಕಾಣುವ ಮೊದಲೇ ಹಗುರ ಮಾಡಿಕೊಳ್ಳಬೇಕು, ತೊಡೆ ನೋಯಲು ಶುರುವಾದ ಮೇಲೆ ಗೇರು ಹುಡುಕಿದರೆ ಚೈನು ಕಿರುಚುತ್ತದೆ. ಗೇರು ಬದಲಿಸುವ ಕೆಲಸ ಕೈಗೆ ಸಿಕ್ಕಿದ ಮೇಲೆ ಹಾರುವ ಚಪಲ ಅರ್ಧ ತಗ್ಗಿತು. ಉಜ್ಜನಪ್ಪ ರುದ್ರೇಶನ ಅಂಗಡಿಯಲ್ಲೇ ಒಂದು ಹಳೆಯ ಗೇರ್ ಸೈಕಲ್ ಕೊಂಡು, ಅಲ್ಲೇ ಬಿಟ್ಟಿದ್ದ.

ಮನೆಯಲ್ಲಿ ಹೆಂಡತಿ ಉಮಾಮಹೇಶ್ವರಿಗೆ ಮೂರನೆಯ ವಾರವೇ ಗೊತ್ತಾಗಿತ್ತು. ಮಗಳ ಮನೆಗೆ ಹೋದವನು ಮೊಣಕಾಲು ತರಚಿಕೊಂಡು, ಮುಲಾಮಿನ ವಾಸನೆ ಹೊಡೆಯುತ್ತ ಬಂದರೆ ಯಾರಿಗೆ ಗೊತ್ತಾಗುವುದಿಲ್ಲ?

"ಬೀಗರ ಮನೇಲಿ ಕುಸ್ತಿ ಆಡಿಸ್ತಾರಾ?" ಎಂದು ಕೇಳಿದಳು. ಅವನು ಬಾಯಿ ಬಿಟ್ಟ ಮೇಲೆ ನಗಲಿಲ್ಲ. "ಕಲೀರಿ, ಒಳ್ಳೇದೇ. ಆದ್ರೆ ಗೋವಿಂದಣ್ಣಂಗೆ ಮೊದ್ಲು ಹೇಳಿ."

"ಕಲಿತ ಮೇಲೆ ಒಂದೇ ಸಲ ಹೋಗಿ ತೋರಿಸ್ತೀನಿ. ಗಾಬರಿ ಬೀಳ್ತಾನೆ."

"ಗಾಬರಿ ಬಿದ್ದೋರೆಲ್ಲ ಖುಷಿ ಪಡಲ್ಲ ಕಣ್ರಿ," ಎಂದಳು ಉಮಾಮಹೇಶ್ವರಿ. ಹೆಂಡತಿ ಹೇಳಿದ್ದು ಆ ಹೊತ್ತಿಗೆ ಯಾವ ಗಂಡಸಿನ ಕಿವಿಗೆ ಬಿದ್ದಿದೆ?

ಮಳೆಗಾಲ ಕಳೆದು ರಸ್ತೆ ಒಣಗಿದ ಮೇಲೆ, ಒಂದು ಭಾನುವಾರ ಉಜ್ಜನಪ್ಪ ಶಿವಮೊಗ್ಗದಿಂದ ಭದ್ರಾವತಿಗೆ ಸೈಕಲ್ಲಿನಲ್ಲೇ ಬಂದ. ಲಾರಿ ಬಂದಾಗಲೆಲ್ಲ ಮಣ್ಣಿಗೆ ಇಳಿದ, ಎರಡು ಕಡೆ ಕೂತು ಎಳನೀರು ಕುಡಿದ, ಆದರೂ ಬಂದ. ಊರು ಮುಟ್ಟಿದಾಗ ಬಿಸಿಲು ಇನ್ನೂ ಇತ್ತು. ಬಲಕ್ಕೆ ಹೊರಳಿದರೆ ಗೋವಿಂದಯ್ಯನ ಮನೆ. ನೇರ ಹೋದರೆ ವೃತ್ತ, ಬೀಡಾ ಅಂಗಡಿ. ಅವನು ನೇರ ಹೋದ.

ಬರೀ ಹೋಗಲಿಲ್ಲ. ಅಂಗಡಿಯ ಮುಂದೆ ಎರಡು ಸುತ್ತು ಹೊಡೆದ, ಗಂಟೆ ಬಾರಿಸಿದ. ಅಂಗಡಿಯವನು ಎದ್ದು ನಿಂತು ನೋಡಿದ. ಇಸ್ತ್ರಿಯವನು ಬಂದ, ಟೀ ಅಂಗಡಿಯ ತಮಿಳರವನು ಬಂದು ಗೇರು ಮುಟ್ಟಿ ನೋಡಿದ. ಒಬ್ಬರು ಅರಳು ಮರಳು ಎಂದರು, ಒಬ್ಬರು ಶಹಬ್ಬಾಸ್ ಎಂದರು. ಹೆಸರು ತೊಳೆದುಹೋಯಿತು ಎಂಬ ಹಿಗ್ಗಿನಲ್ಲಿ ಅಲ್ಲೇ ಕತ್ತಲಾಯಿತು. ಗೋವಿಂದಯ್ಯನಿಗೆ ಬೆಳಿಗ್ಗೆ ತೋರಿಸಿದರಾಯಿತು ಎಂದುಕೊಂಡು ಮನೆಗೆ ಹೋದ.

ಬೆಳಿಗ್ಗೆ ಹೋದರೆ ಗೋವಿಂದಯ್ಯ ಇರಲಿಲ್ಲ. ಇಪ್ಪತ್ತು ವರ್ಷದಲ್ಲಿ ಮೊದಲ ಸಲ ಕಾಯದೆ ಹೊರಟುಹೋಗಿದ್ದ. ಅವನ ಹೆಂಡತಿ ಬಾಗಿಲಲ್ಲಿ ನಿಂತು, "ನಿಮಗೆ ಇನ್ನು ಗಾಡಿ ಉಂಟಲ್ಲ ಅಂತ ಹೇಳಿ ಹೋದ್ರು," ಎಂದಳು. ಉಜ್ಜನಪ್ಪನ ಹಿಗ್ಗು ಅಲ್ಲಿಗೆ ಇಳಿಯಿತು.

ಆಮೇಲೆ ಗೋವಿಂದಯ್ಯ ಸಿಗಲೇ ಇಲ್ಲ. ಸಿಕ್ಕರೂ ಮಾತು ಸಿಗಲಿಲ್ಲ. ಗೇಟಿನಲ್ಲಿ ಎದುರಾದರೆ ಹಾಜರಿಯ ಟೋಕನ್ ಹುಡುಕುವವನ ಹಾಗೆ ಜೇಬು ತಡಕುತ್ತಿದ್ದ. ಶಾಪಿನ ಯಾರೋ, "ಏನಪ್ಪಾ, ನಿನ್ನ ಹಿಂದಿನ ಸೀಟು ಖಾಲಿ?" ಎಂದು ಕೇಳಿದ್ದಕ್ಕೆ, "ದೊಡ್ಡವರಾದ್ರು, ಗೇರ್ ಬಂತು" ಎಂದನಂತೆ. ಆ ಮಾತು ಉಜ್ಜನಪ್ಪನ ಕಿವಿಗೂ ಬಂತು. ಅವನಿಗೂ ಸಿಟ್ಟು ಬಂತು. ಸೈಕಲ್ ಕಲಿತದ್ದು ತಪ್ಪೇ? ಕಳ್ಳತನ ಮಾಡಿದ್ದೇನೆಯೇ? ತಾನಾಗಿ ಹೋಗಿ ಮಾತಾಡಿಸುವುದಿಲ್ಲ ಎಂದು ಬಿಗಿದುಕೊಂಡು ಕೂತ. ಇಬ್ಬರು ಅಜ್ಜಂದಿರಾಗುವ ವಯಸ್ಸಿನವರು ಟೂ ಬಿಟ್ಟ ಮಕ್ಕಳ ಹಾಗೆ ಒಂದೇ ರಸ್ತೆಯಲ್ಲಿ ಹಿಂದೆ ಮುಂದೆ ಓಡಾಡಿದರು.

ಒಂದು ಬೆಳಿಗ್ಗೆ ಸೇತುವೆಯಾಚೆಯ ಏರಿನಲ್ಲಿ ದೂರದಿಂದ ಒಂದು ನೋಟ ಕಂಡಿತು. ಗೋವಿಂದಯ್ಯ ಸೈಕಲ್ ಇಳಿದು ತಳ್ಳಿಕೊಂಡು ನಡೆಯುತ್ತಿದ್ದ. ಆಚೀಚೆಯವರೆಲ್ಲ ತುಳಿದುಕೊಂಡೇ ದಾಟಿ ಹೋಗುತ್ತಿದ್ದರು. ಆ ಏರಿನಲ್ಲಿ ಗೋವಿಂದಯ್ಯ ಇಳಿದದ್ದನ್ನು ಯಾರೂ ಕಂಡಿರಲಿಲ್ಲ. ಟೈರಿನ ಗಾಳಿ ಹೋಗಿರಬೇಕು ಎಂದುಕೊಂಡ ಉಜ್ಜನಪ್ಪ.

ಸಂಕ್ರಾಂತಿ ಕಳೆದ ಭಾನುವಾರ ರುದ್ರೇಶನ ಗುಂಪು ಗಾಜನೂರಿನ ಅಣೆಕಟ್ಟೆ ದಾಟಿ, ಡಾಂಬರು ಬಿಟ್ಟು ಗುಡ್ಡದ ಮಣ್ಣುದಾರಿ ಹಿಡಿಯಿತು. ಉಜ್ಜನಪ್ಪನಿಗೆ ಅದೇ ಮೊದಲ ಗುಡ್ಡ. ಎತ್ತಿನಗಾಡಿಯ ಎರಡು ಜಾಡು, ನಡುವೆ ಹುಲ್ಲು, ಸಡಿಲ ಕಲ್ಲು. ಕಲ್ಲನ್ನೇ ನೋಡಿದರೆ ಚಕ್ರ ಕಲ್ಲಿಗೇ ಹೋಗುತ್ತದೆ, ಹೋಗಬೇಕಾದ ಜಾಗ ನೋಡಿ ಎಂದು ರುದ್ರೇಶ್ ಹಿಂದಿನಿಂದ ಕೂಗಿ ಹೇಳುತ್ತಿದ್ದ. ಉಜ್ಜನಪ್ಪ ಅತಿ ಹಗುರದ ಗೇರಿನಲ್ಲಿ, ನಡೆಯುವವರಿಗಿಂತ ನಿಧಾನವಾಗಿ, ಆದರೂ ಇಳಿಯದೆ ಹತ್ತುತ್ತಿದ್ದ.

ಅವನ ಮುಂದೆ ಕೊಟ್ರಬಸಪ್ಪ. ಕಡಿದಾದ ಕಡೆ ಅವರ ಚಕ್ರ ಅತ್ತಿತ್ತ ಓಲಾಡಿತು, ಉಸಿರು ಕಮ್ಮಾರನ ತಿದಿಯ ಹಾಗೆ ಕೇಳಿಸಿತು. ಉಜ್ಜನಪ್ಪ ಏನು ಯೋಚಿಸಿದನೋ, ಯೋಚಿಸಲೇ ಇಲ್ಲವೋ. ಎಡಕ್ಕೆ ಹಾರಿದ, ಸೈಕಲ್ಲನ್ನು ಹುಲ್ಲಿಗೆ ಕೆಡವಿ ಓಡಿದ, ಕೊಟ್ರಬಸಪ್ಪನ ಸೀಟಿನ ಹಿಂದೆ ಅಂಗೈ ಕೊಟ್ಟು ಗುಡ್ಡದ ನೆತ್ತಿಯ ತನಕ ತಳ್ಳಿದ. ಹಿಂದಿದ್ದವರು ನಕ್ಕು ನಕ್ಕು ಕಾಲು ಕೆಳಗಿಟ್ಟರು.

"ಇಲ್ಲಿ ಅವರವರ ಗುಡ್ಡ ಅವರವರೇ ಹತ್ತಬೇಕು ಸಾರ್," ಎಂದು ರುದ್ರೇಶ್ ತಲೆ ಚಚ್ಚಿಕೊಂಡ.

ಕೊಟ್ರಬಸಪ್ಪ ಬಂಡೆಯ ಮೇಲೆ ಕೂತು ಮುಖ ಒರೆಸಿಕೊಂಡರು. "ನೀನು ಸುಮ್ನಿರು ಮಾರಾಯ," ಎಂದು ಅವನಿಗೆ ಹೇಳಿ, ಉಜ್ಜನಪ್ಪನ ಕಡೆ ತಿರುಗಿದರು. "ಹಿಂದೆ ಒಂದು ಕೈ ಇದೆ ಅಂದ್ರೆ ಗುಡ್ಡ ಗೊತ್ತೇ ಆಗಲ್ಲ ಕಣ್ರೀ. ನಾನೇ ಹತ್ತಿದೆ ಅನ್ನಿಸುತ್ತೆ."

ಉಜ್ಜನಪ್ಪ ತನ್ನ ಸೈಕಲ್ ತರಲು ಒಬ್ಬನೇ ಕೆಳಗಿಳಿದ. ದಾರಿಯಲ್ಲಿ ಆ ಮಾತು ಅವನ ಜೊತೆಗೇ ಬಂತು. ಗೋವಿಂದಯ್ಯನ ಟೈರಿನಲ್ಲಿ ಗಾಳಿ ಇತ್ತು. ಇಲ್ಲದೇ ಹೋದದ್ದು ಹಿಂದಿನ ಕೈ. ಇಪ್ಪತ್ತು ವರ್ಷ ತನ್ನನ್ನು ಹೊತ್ತವನು ಎಂದು ಊರೆಲ್ಲ ಹೇಳಿತು, ತಾನೂ ನಂಬಿದ್ದ, ಗೋವಿಂದಯ್ಯನೂ ನಂಬಿದ್ದ. ಈಗ ಅದೇ ಊರಿನ ಕಣ್ಣೆದುರು ಅವನು ಆ ಏರಿನಲ್ಲಿ ನಡೆಯುತ್ತಿದ್ದಾನೆ.

ಸೈಕಲ್ ಎತ್ತಿಕೊಂಡು ಮತ್ತೆ ಹತ್ತಿದ, ಇಳಿಯಲಿಲ್ಲ. ಗುಡ್ಡದ ಆಚೆ ಬದಿಗೆ ಎಲ್ಲರೂ ಸಾಲಾಗಿ ಜಾರಿದರು. ಸೀಟಿನಿಂದ ಕುಂಡೆ ಎತ್ತಿ ಹಿಂದಕ್ಕೆ ಸರಿದು, ಬ್ರೇಕನ್ನು ಬಿಟ್ಟೂ ಬಿಡದ ಹಾಗೆ ಹಿಡಿದು, ಹೊಳೆಯ ಹಿನ್ನೀರು ಕಾಣುವ ತನಕ ಹೋದರು. ಇಷ್ಟು ಸುಖ ಅವನು ಈ ವಯಸ್ಸಿನವರೆಗೆ ಉಂಡಿರಲಿಲ್ಲ. ಆ ಇಳಿಜಾರಿನುದ್ದಕ್ಕೂ ಅವನು ಮನಸ್ಸಿನೊಳಗೆ ಹೇಳುತ್ತಲೇ ಇದ್ದ, ನೋಡು ಮಾರಾಯ, ಹಿಂಗೆ ಹೊರಳಿತು, ಹಿಂಗೆ ಹಾರಿತು, ಬಟ್ಟೆ ಅಂಗಡಿಯವರು ಹಿಂಗೆ ಉಸಿರು ಬಿಟ್ಟರು. ಹೇಳುತ್ತಿದ್ದದ್ದು ಒಂದು ಬೆನ್ನಿಗೆ. ಮುಂದೆ ಆ ಬೆನ್ನು ಇರಲಿಲ್ಲ. ಗುಡ್ಡ ಹತ್ತಿ ಇಳಿದರೂ ಹೇಳಿಕೊಳ್ಳಲು ಜನ ಇಲ್ಲದಿದ್ದರೆ ಏನು ಬಂತು ಭಾಗ್ಯ?

ಸೋಮವಾರ ಬೆಳಿಗ್ಗೆ ಉಜ್ಜನಪ್ಪ ಗೇರ್ ಸೈಕಲ್ಲನ್ನು ಮನೆಯಲ್ಲೇ ಬಿಟ್ಟು, ಎಂದಿಗಿಂತ ಮುಂಚೆ ಗೋವಿಂದಯ್ಯನ ಮನೆಗೆ ನಡೆದುಕೊಂಡು ಹೋದ. ಗೋವಿಂದಯ್ಯ ತಲೆಗೆ ಮಫ್ಲರ್ ಸುತ್ತಿಕೊಂಡು ಸೈಕಲ್ಲನ್ನು ಗೇಟಿನಿಂದ ಹೊರಗೆ ತರುತ್ತಿದ್ದ. ಇವನನ್ನು ಕಂಡು ನಿಂತ.

"ಗೇರ್ ಎಲ್ಲಿ?"

"ಅದು ಭಾನುವಾರಕ್ಕೆ. ಬಾ, ಹೋಗಣ."

ಎಂದಿನ ಹಾಗೆ ಹಿಂದಕ್ಕೆ ಸರಿದ ಉಜ್ಜನಪ್ಪ ಅಲ್ಲೇ ನಿಂತುಬಿಟ್ಟ. ಸೀಟಿನ ಹಿಂದೆ ಏನೂ ಇರಲಿಲ್ಲ. ಬೋಲ್ಟಿನ ಜಾಗದಲ್ಲಿ ತುಕ್ಕಿನ ಕಲೆ ಮಾತ್ರ.

"ಕ್ಯಾರಿಯರ್?"

"ಗುಜರಿಗೆ ಹಾಕ್ದೆ," ಎಂದ ಗೋವಿಂದಯ್ಯ, ಎತ್ತಲೋ ನೋಡುತ್ತ. "ಖಾಲಿ ಇದ್ರೆ ಗಡಗಡ ಅನ್ನುತ್ತೆ."

ಉಜ್ಜನಪ್ಪ ಮುಂದಕ್ಕೆ ಬಂದು ಹ್ಯಾಂಡಲ್ಲಿನ ಒಂದು ಕಡೆ ಹಿಡಿದ.

"ನಡ್ಕೊಂಡೇ ಹೋಗಣ ಬಾ," ಎಂದ ಉಜ್ಜನಪ್ಪ.

"ಲೇಟಾಗುತ್ತೆ."

"ಆಗ್ಲಿ."

ಸೈಕಲ್ಲನ್ನು ನಡುವೆ ಹಾಕಿಕೊಂಡು ಹೊರಟರು. ಒಂದು ಹ್ಯಾಂಡಲ್ ಅವನು, ಒಂದು ಇವನು. ಪಕ್ಕಪಕ್ಕ ನಡೆದು ಅಭ್ಯಾಸವಿಲ್ಲ, ಮೊಣಕಾಲಿಗೆ ಪೆಡಲ್ ತಾಗುತ್ತಿತ್ತು. ಹಿಂದಿನಿಂದ ಗಂಟೆ ಬಾರಿಸಿಕೊಂಡು ಬಂದವರು ತಿರುಗಿ ತಿರುಗಿ ನೋಡಿ ಹೋದರು. ಬೀದಿ ಮುಗಿದ ಮೇಲೆ ಗೋವಿಂದಯ್ಯನೇ ಮಾತು ಶುರು ಮಾಡಿದ.

"ನೀನು ಕಲ್ತಿದ್ದಕ್ಕಲ್ಲ ಕಣೋ ನಂಗೆ ಸಿಟ್ಟು. ಬೀಡಾ ಅಂಗಡಿಯವನಿಗೆ ಮೊದ್ಲು ಗೊತ್ತಾಯ್ತಲ್ಲ, ಅದಕ್ಕೆ. ನನ್ನ ಹೊಟ್ಟೇಲಿರೋದನ್ನೆಲ್ಲ ನಿಂಗೆ ಹೇಳ್ದೆ. ನೀನು ಒಂದು ಸೈಕಲ್ ಬಚ್ಚಿಟ್ಟೆ."

"ತಪ್ಪಾಯ್ತು."

"ದಾರೀಲಿ ಒಬ್ಬನೇ ಹೋಗ್ತಾ ಮಾತಾಡಿದೀನಿ ಗೊತ್ತಾ? ಜೋರಾಗಿ. ಜನ ನೋಡಿದ್ರು."

"ನಾನು ಗಾಜನೂರು ಗುಡ್ಡದಲ್ಲಿ ಮಾತಾಡ್ದೆ," ಎಂದ ಉಜ್ಜನಪ್ಪ.

ಆಮೇಲೆ ಕಟ್ಟೆ ಒಡೆಯಿತು. ಬೀಗರ ಉಪ್ಪಿಟ್ಟಿನ ತಟ್ಟೆಯಿಂದ ಹಿಡಿದು, ಪೆಡಲ್ ಬಿಚ್ಚಿದ ಸೈಕಲ್ಲು, ಲಂಟಾನದ ಪೊದೆ, ಗುಡ್ಡದ ಕಲ್ಲು, ಒಂದೂ ಬಿಡದೆ ಹೇಳಿದ. ಸೇತುವೆಯ ಮೇಲೆ ಬರುವಾಗ ಕೊಟ್ರಬಸಪ್ಪನ ಉಸಿರಾಟವನ್ನು ಮಾಡಿ ತೋರಿಸಿದ. ಅಷ್ಟರಲ್ಲಿ ಆಚೆ ದಡದಲ್ಲಿ ಸೈರನ್ ಕೂಗಿತು. ಸೇತುವೆ ಖಾಲಿಯಾಗಿತ್ತು. ಇಬ್ಬರಲ್ಲಿ ಒಬ್ಬರೂ ಹೆಜ್ಜೆ ಚುರುಕು ಮಾಡಲಿಲ್ಲ. ಗೋವಿಂದಯ್ಯ ಮಫ್ಲರ್ ಸಡಿಲಿಸಿ, ಹ್ಯಾಂಡಲ್ಲಿನ ಮೇಲೆ ಬಗ್ಗಿ, ಬಾಯ್ತುಂಬ ನಕ್ಕ.

ಆ ನಗುವಿನ ದನಿಯನ್ನು ಉಜ್ಜನಪ್ಪ ಇಪ್ಪತ್ತು ವರ್ಷದಿಂದ ಬಲ್ಲ. ಆ ಮುಖವನ್ನು ಬೆಳಕಿನಲ್ಲಿ, ಇಷ್ಟು ಹತ್ತಿರದಿಂದ, ಇಷ್ಟು ಹೊತ್ತು ನೋಡಿದ್ದು ಇವತ್ತೇ. ಮೇಲುಸಾಲಿನಲ್ಲಿ ಎಡಗಡೆ ಒಂದು ಹಲ್ಲೂ ಇರಲಿಲ್ಲ, ಕೆನ್ನೆ ಗುಳಿಬಿದ್ದಿತ್ತು, ಮೀಸೆಯಲ್ಲಿ ಕಪ್ಪು ಹುಡುಕಬೇಕಿತ್ತು.

"ನಿನ್ನ ಹಲ್ಲು ಯಾವಾಗ ಹೋಯ್ತೋ?"

ಗೋವಿಂದಯ್ಯ ನಗು ನಿಲ್ಲಿಸಿ ಅವನನ್ನು ನೋಡಿದ.

"ಹೋಗಿ ಮೂರು ವರ್ಷ ಆಯ್ತಲ್ಲೋ. ನೋವು ಅಂದಿದ್ದಕ್ಕೆ ನೀನೇ ಹಿಂದೆ ಕೂತ್ಕೊಂಡು ಕೀಳಿಸಿಬಿಡು ಅಂದೆ. ಕೀಳಿಸಿದೆ ಅಂತ ನಾನು ಹೇಳ್ದೆ. ಒಳ್ಳೇದಾಯ್ತು ಬಿಡು ಅಂತ ನೀನು ಅಂದೆ."

"ಹೌದು, ಅಂದಿದ್ದೆ," ಎಂದ ಉಜ್ಜನಪ್ಪ. "ನೋಡಿರಲಿಲ್ಲ."